ಚಾತುರ್ಮಾಸ್ಯವೂ ಉಪಕಾರಸ್ಮರಣೆಯೂ

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥

ಪ್ರಥಮೈಕಾದಶಿಯು ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಸಡಗರವೂ ಒಂದು ಬಗೆಯ ಬಿಗಿಯೂ ಒಟ್ಟಿಗೇ ಮೊದಲಾಗುತ್ತವೆ. ಗುರುಗಳ ಸನ್ನಿಧಿಯಲ್ಲಿ ತಪ್ತಮುದ್ರಾಧಾರಣೆ ಮಾಡಿಸಿಕೊಳ್ಳುವುದು ಸಡಗರ. ಅಲ್ಲಿಂದ ಕಾರ್ತಿಕಮಾಸದ ಉತ್ಥಾನದ್ವಾದಶಿಯವರೆಗೆ ನಾಲ್ಕು ತಿಂಗಳ ಕಾಲ ಆಹಾರದಲ್ಲಿ ನಿಯಮವನ್ನು ಪಾಲಿಸುವುದು ಬಿಗಿ. ಮೊದಲನೆಯ ತಿಂಗಳು ಶಾಕವ್ರತ, ಎರಡನೆಯ ತಿಂಗಳು ದಧಿವ್ರತ, ಮೂರನೆಯ ತಿಂಗಳು ಕ್ಷೀರವ್ರತ, ನಾಲ್ಕನೆಯ ತಿಂಗಳು ದ್ವಿದಳವ್ರತ. ತರಕಾರಿಯನ್ನು ಬಿಟ್ಟ ತಿಂಗಳಲ್ಲಿ ಮೊಸರು ಉಂಟು. ಮೊಸರನ್ನು ಬಿಟ್ಟ ತಿಂಗಳಲ್ಲಿ ಹಾಲು ಉಂಟು. ಹಾಲನ್ನು ಬಿಟ್ಟ ತಿಂಗಳಲ್ಲಿ ಬೇಳೆ ಉಂಟು. ಒಂದೇ ಸಲ ಎಲ್ಲವನ್ನೂ ಬಿಡಿರೆಂದು ಶಾಸ್ತ್ರವು ನಮ್ಮನ್ನು ಹೆದರಿಸಲಿಲ್ಲ. ಒಂದೊಂದನ್ನಾಗಿ ಬಿಡಿಸಿ, ಬಿಟ್ಟದ್ದನ್ನು ಮರಳಿ ಕೊಡಿಸಿ, ತಾಯಿಯು ಮಗುವಿಗೆ ನಡೆಯುವುದನ್ನು ಕಲಿಸುವಂತೆ ಕಲಿಸುತ್ತದೆ.

ನಾವು ಚಿಕ್ಕವರಾಗಿದ್ದಾಗ ಶಾಕವ್ರತದ ಮೊದಲ ವಾರ ಕಳೆಯುವಷ್ಟರಲ್ಲಿ ಹೆಸರುಬೇಳೆಯ ತೊವ್ವೆಗೆ ಬೇಸತ್ತು, ಹಿತ್ತಿಲಿನ ಚಪ್ಪರದಲ್ಲಿ ತೂಗುತ್ತಿದ್ದ ಹೀರೆಕಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದೆವು. ಬೆಳೆದದ್ದನ್ನು ತಿನ್ನಬಾರದೇಕೆ ಎಂದು ಅಜ್ಜಿಯನ್ನು ಕೇಳಿದರೆ ಆಕೆಯು ಶಾಸ್ತ್ರಾರ್ಥವನ್ನೇನೂ ಹೇಳುತ್ತಿರಲಿಲ್ಲ. ಒಂದು ತಿಂಗಳು ಇಲ್ಲದಿದ್ದರೆ ಉಳಿದ ಹನ್ನೊಂದು ತಿಂಗಳು ಕೊಟ್ಟವನು ಯಾರೆಂದು ತಿಳಿಯುತ್ತದೆ, ಅಷ್ಟೇ ಎಂದು ಹೇಳಿ ತನ್ನ ಬತ್ತಿ ಹೊಸೆಯುವ ಕೆಲಸವನ್ನು ಮುಂದುವರಿಸುತ್ತಿದ್ದಳು. ಅಂದು ಆ ಮಾತು ನಮಗೆ ಸಮಾಧಾನವನ್ನು ಕೊಡಲಿಲ್ಲ. ಇಂದು ಆಲೋಚಿಸಿದರೆ, ಚಾತುರ್ಮಾಸ್ಯವ್ರತದ ಹೃದಯವೇ ಆ ಒಂದು ಮಾತಿನಲ್ಲಿ ಅಡಗಿತ್ತೆಂದು ತೋರುತ್ತದೆ.

ತೃಪ್ತಿ ಬೇಕೆಂದು ಬಯಸದವರಾರೂ ಇಲ್ಲ. ಆಸೆಯನ್ನು ಬಿಟ್ಟರೆ ತೃಪ್ತಿ ಬರುತ್ತದೆಂದು ಕೇಳದವರೂ ಇಲ್ಲ. ಆದರೆ ಬಿಡು ಎಂದೊಡನೆ ಬಿಟ್ಟುಹೋಗುವುದಕ್ಕೆ ಆಸೆಯೇನು ಹೆಗಲ ಮೇಲಿನ ವಸ್ತ್ರವೇ? ಅದನ್ನು ಬಲವಂತವಾಗಿ ಅದುಮಿದಷ್ಟೂ ಅದು ಮನಸ್ಸಿನ ಮೂಲೆಯಲ್ಲಿ ಬೆಳೆಯುತ್ತಲೇ ಇರುತ್ತದೆ. ಹಾಗಾದರೆ ತೃಪ್ತಿಗೆ ದಾರಿ ಯಾವುದು? ದೊರೆತಿರುವುದು ಯಾರಿಂದ ದೊರೆಯಿತು ಎಂಬ ತಿಳಿವಳಿಕೆಯೇ ಆ ದಾರಿ. ಕೃತಜ್ಞತೆಯೆಂಬ ಬೇರಿಲ್ಲದೆ ತೃಪ್ತಿಯೆಂಬ ಫಲವು ಬರಲಾರದು. ಈ ಒಂದು ವಿಷಯವನ್ನು ಯಥಾಮತಿಯಾಗಿ ಇಲ್ಲಿ ವಿವೇಚಿಸುತ್ತೇವೆ.

ಕೊಟ್ಟದ್ದೂ ಕೊಟ್ಟವನೂ

ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರದಲ್ಲಿಯೇ ಈ ಎರಡು ಗುಣಗಳೂ ಒಂದೇ ಎಡೆಯಲ್ಲಿ ಉಪದೇಶಿಸಲ್ಪಟ್ಟಿವೆ. ಆ ಮಂತ್ರದಲ್ಲಿ ಬರುವ ತ್ಯಾಗವಾಚಕವಾದ ಪದಕ್ಕೆ ಸಂನ್ಯಾಸವೆಂದೂ ತೊರೆಯುವುದೆಂದೂ ಅರ್ಥ ಹೇಳುವವರುಂಟು. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರಾದರೋ ಭಗವಂತನಿಂದ ಕೊಡಲ್ಪಟ್ಟದ್ದು ಎಂಬ ಅರ್ಥವನ್ನು ಅನುಗ್ರಹಿಸಿದ್ದಾರೆ. ಈ ಜಗತ್ತೆಲ್ಲವೂ ಸ್ವತಂತ್ರನಾದ ಶ್ರೀಹರಿಯ ಅಧೀನವಾಗಿರುವುದರಿಂದ, ಅವನು ಯಾವುದನ್ನು ಕೊಟ್ಟಿರುವನೋ ಅದರಿಂದ ಜೀವನವನ್ನು ನಡೆಸತಕ್ಕದ್ದು, ಬೇರೆಯವರ ಧನಕ್ಕೆ ಕೈಚಾಚತಕ್ಕದ್ದಲ್ಲ ಎಂಬುದು ತಾತ್ಪರ್ಯ. ಇಲ್ಲಿ ಒಂದು ಸೂಕ್ಷ್ಮವಿದೆ. ಅವನು ಕೊಟ್ಟದ್ದು ಎಂಬುದು ಕೃತಜ್ಞತೆ. ಬೇರೆಯದನ್ನು ಬಯಸದಿರುವುದು ತೃಪ್ತಿ. ಉಪನಿಷತ್ತು ಮೊದಲು ಕೃತಜ್ಞತೆಯನ್ನು ಹೇಳಿ ಅನಂತರ ತೃಪ್ತಿಯನ್ನು ಹೇಳಿತೇ ಹೊರತು ತಿರುಗುಮುರುಗಾಗಿ ಹೇಳಲಿಲ್ಲ. ಕೊಟ್ಟವನನ್ನು ಕಾಣದವನಿಗೆ ನೆರೆಮನೆಯ ಧನವೇ ಕಾಣುತ್ತದೆ.

ಅವನು ಕೊಟ್ಟದ್ದೇನು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಮನೆ, ಹೊಲ, ಉದ್ಯೋಗ, ಮಕ್ಕಳು ಎಂದು ಲೆಕ್ಕ ಹಾಕಲು ತೊಡಗುತ್ತೇವೆ. ಲೆಕ್ಕವು ಇನ್ನೂ ಹತ್ತಿರದಿಂದ ಮೊದಲಾಗಬೇಕು. ಒಂದು ಅಹೋರಾತ್ರದಲ್ಲಿ ಜೀವನು 21,600 ಸಲ ಉಸಿರಾಡುತ್ತಾನೆಂದು ನಮ್ಮ ಹಿರಿಯರ ಗಣನೆ. ಅಂದರೆ ಗಂಟೆಗೆ 900, ನಿಮಿಷಕ್ಕೆ 15. ಈ ಪ್ರತಿಯೊಂದು ಶ್ವಾಸದಲ್ಲಿಯೂ ಶ್ರೀಮುಖ್ಯಪ್ರಾಣದೇವರು ನಮ್ಮೊಳಗಿದ್ದು ಹಂಸಮಂತ್ರದ ಜಪವನ್ನು ನಡೆಸುತ್ತಿದ್ದಾರೆ. ನಾವು ನಿದ್ರಿಸುತ್ತಿರುವಾಗಲೂ ಅದು ನಿಲ್ಲದು. ನಾವು ಪರರನ್ನು ನಿಂದಿಸುತ್ತಿರುವಾಗಲೂ ನಿಲ್ಲದು. ಕಣ್ಣಿನಲ್ಲಿ ಸೂರ್ಯನು, ಕಿವಿಯಲ್ಲಿ ದಿಗ್ದೇವತೆಗಳು, ನಾಲಗೆಯಲ್ಲಿ ವರುಣನು, ಮೂಗಿನಲ್ಲಿ ಅಶ್ವಿನೀದೇವತೆಗಳು, ಮಾತಿನಲ್ಲಿ ಅಗ್ನಿಯು, ಕೈಯಲ್ಲಿ ಇಂದ್ರನು, ಹೀಗೆ ತತ್ತ್ವಾಭಿಮಾನಿ ದೇವತೆಗಳು ಹರಿಯ ಆಜ್ಞೆಯಂತೆ ನೆಲೆಸಿ ವ್ಯಾಪಾರ ಮಾಡಿಸುತ್ತಿರುವುದರಿಂದಲೇ ನಾವು ನೋಡುತ್ತೇವೆ, ಕೇಳುತ್ತೇವೆ, ಉಣ್ಣುತ್ತೇವೆ. ಇವರಲ್ಲಿ ಯಾರೂ ನಮ್ಮಿಂದ ಬಾಡಿಗೆಯನ್ನು ಕೇಳಿಲ್ಲ. ಬಾಡಿಗೆ ಕೇಳದ ಮಾತ್ರಕ್ಕೆ ಮನೆ ನಮ್ಮದಾಗುವುದೇ? ದೇವತೆಗಳು ಕೊಟ್ಟದ್ದನ್ನು ಅವರಿಗೆ ಸಮರ್ಪಿಸದೆ ತಾನೊಬ್ಬನೇ ಭೋಗಿಸುವವನನ್ನು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಕಳ್ಳನೆಂದೇ ಕರೆದಿದ್ದಾನೆ. ಕಠಿನವಾದ ಮಾತು, ನಿಜ. ಆದರೆ ನೈವೇದ್ಯವಾಗದ ಅನ್ನವನ್ನು ನಮ್ಮ ಹಿರಿಯರು ಏಕೆ ಮುಟ್ಟುತ್ತಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಮರೆವಿನ ಮಳೆಗಾಲ

ಉಪಕಾರವನ್ನು ಮರೆಯುವುದು ಕಷ್ಟಕಾಲದಲ್ಲಿ ಅಲ್ಲ, ಸುಖಕಾಲದಲ್ಲಿ. ಇದಕ್ಕೆ ರಾಮಾಯಣದ ಕಿಷ್ಕಿಂಧಾಕಾಂಡವೇ ದೃಷ್ಟಾಂತ. ಅದೂ ಒಂದು ಚಾತುರ್ಮಾಸ್ಯದ ಕಥೆ.

ವಾಲಿಯ ಭಯದಿಂದ ಋಷ್ಯಮೂಕಪರ್ವತದಲ್ಲಿ ಅಡಗಿದ್ದ ಸುಗ್ರೀವನಿಗೆ ಶ್ರೀರಾಮಚಂದ್ರನು ರಾಜ್ಯವನ್ನೂ ಪತ್ನಿಯನ್ನೂ ಮರಳಿ ಕೊಡಿಸಿದನು. ಅಷ್ಟರಲ್ಲಿ ಮಳೆಗಾಲವು ಬಂದಿತು. ಸೀತಾನ್ವೇಷಣೆಗೆ ಅದು ಕಾಲವಲ್ಲವೆಂದು ನಾಲ್ಕು ತಿಂಗಳು ಕಾಯುವುದೆಂದು ನಿಶ್ಚಯವಾಯಿತು. ಸುಗ್ರೀವನು ಅರಮನೆಗೆ ಹೋದನು. ರಾಮಲಕ್ಷ್ಮಣರು ಬೆಟ್ಟದ ಗುಹೆಯಲ್ಲಿ ನಿಂತರು. ಹಂಪೆಯ ಮಾಲ್ಯವಂತ ಪರ್ವತವೇ ಆ ಸ್ಥಳವೆಂದು ಐತಿಹ್ಯವುಂಟು. ಇಂದಿಗೂ ಅಲ್ಲಿ ರಘುನಾಥನ ಗುಡಿಯನ್ನು ಯಾತ್ರಿಕರು ದರ್ಶಿಸುತ್ತಾರೆ. ಸುರಿಯುವ ಮಳೆಯಲ್ಲಿ, ಪತ್ನೀವಿಯೋಗವನ್ನು ಅನುಭವಿಸುವವನಂತೆ ತೋರಿಸಿಕೊಳ್ಳುತ್ತ, ಲೋಕನಾಥನು ಗುಹೆಯಲ್ಲಿ ದಿನಗಳನ್ನು ಎಣಿಸಿದನು. ಅವನಿಂದ ಎಲ್ಲವನ್ನೂ ಪಡೆದವನು ಅಂತಃಪುರದ ಸುಖದಲ್ಲಿ ದಿನಗಳನ್ನೇ ಮರೆತನು.

ಮಳೆ ನಿಂತಿತು, ಆಕಾಶವು ತಿಳಿಯಾಯಿತು. ಆಗ ಸುಗ್ರೀವನಿಗೆ ಮೊದಲು ನೆನಪು ಮಾಡಿಕೊಟ್ಟವರು ಯಾರು? ಹನುಮಂತದೇವರು. ಕಾಲವು ಬಂದಿದೆ, ಮಿತ್ರಕಾರ್ಯವನ್ನು ಮಾಡತಕ್ಕದ್ದು, ಅವರು ಕೇಳುವ ಮೊದಲೇ ಮಾಡಿದರೆ ಅದು ಭೂಷಣ ಎಂದು ನೀತಿಯನ್ನು ಹೇಳಿದರು. ಸುಗ್ರೀವನು ಒಪ್ಪಿದನು, ಸೇನೆಯನ್ನು ಕೂಡಿಸುವಂತೆ ನೀಲನಿಗೆ ಆಜ್ಞೆಯನ್ನೂ ಕೊಟ್ಟನು. ಆಜ್ಞೆ ಕೊಟ್ಟು ಮರಳಿ ಅಂತಃಪುರಕ್ಕೇ ಹೋದನು! ನಾವೂ ಇದನ್ನೇ ಮಾಡುವುದಿಲ್ಲವೇ? ಸೇವೆಯ ಚೀಟಿಯನ್ನು ಬರೆಸಿ, ಹಣವನ್ನು ಕಟ್ಟಿ, ಋಣವು ತೀರಿತೆಂದು ಮನೆಗೆ ಹೋಗಿ ಮಲಗುತ್ತೇವೆ. ಕೊನೆಗೆ ಲಕ್ಷ್ಮಣನು ಧನುಷ್ಟಂಕಾರ ಮಾಡುತ್ತ ಕಿಷ್ಕಿಂಧೆಯ ಬಾಗಿಲಿಗೆ ಬರಬೇಕಾಯಿತು. ಬಂದವನು ಹೇಳಿದ ಮಾತಿನ ತಾತ್ಪರ್ಯವನ್ನು ನಾವು ಎಂದಿಗೂ ಮರೆಯಬಾರದು: ಗೋಹತ್ಯೆ, ಸುರಾಪಾನ, ಕಳ್ಳತನ, ವ್ರತಭಂಗ ಇವುಗಳಿಗೆಲ್ಲ ಹಿರಿಯರು ಪ್ರಾಯಶ್ಚಿತ್ತವನ್ನು ಹೇಳಿದ್ದಾರೆ; ಕೃತಘ್ನನಿಗೆ ಮಾತ್ರ ಪ್ರಾಯಶ್ಚಿತ್ತವಿಲ್ಲ.

ಸುಗ್ರೀವನು ಸಾಮಾನ್ಯನಲ್ಲ, ಸೂರ್ಯಾಂಶಸಂಭೂತನು, ರಾಮಭಕ್ತನು. ಲಕ್ಷ್ಮಣನ ಮಾತು ಕಿವಿಗೆ ಬಿದ್ದೊಡನೆ ತನ್ನ ಸಿರಿಯೂ ಕೀರ್ತಿಯೂ ರಾಜ್ಯವೂ ರಾಮನ ಪ್ರಸಾದವೇ ಎಂದು ಒಪ್ಪಿಕೊಂಡು ಎದ್ದು ಹೊರಟನು. ಅಂಥವನನ್ನೇ ಸುಖದ ಮರೆವು ಮುಸುಕಿತೆಂದರೆ ನಮ್ಮ ಪಾಡೇನು? ಆದುದರಿಂದಲೇ ಮಳೆಗಾಲದ ಈ ನಾಲ್ಕು ತಿಂಗಳಲ್ಲಿ ಶಾಸ್ತ್ರವು ನಮ್ಮ ಎಲೆಯ ಮೇಲೆಯೇ ಒಂದು ನೆನಪಿನ ಗುರುತನ್ನು ಇಟ್ಟಿದೆ. ಎಲೆಯ ಮೇಲೆ ಯಾವುದೋ ಒಂದು ಪದಾರ್ಥವಿಲ್ಲದ ಜಾಗವೇ ನಮಗೆ ಹನುಮಂತದೇವರ ಎಚ್ಚರಿಕೆ. ಅದನ್ನು ಕೇಳಿಸಿಕೊಂಡರೆ ಲಕ್ಷ್ಮಣನು ಬಾಗಿಲಿಗೆ ಬರಬೇಕಾದುದಿಲ್ಲ.

ಇದೇ ಕಥೆಯ ಇನ್ನೊಂದು ತುದಿಯನ್ನೂ ನೋಡಬೇಕು. ಸೀತಾದೇವಿಯ ವಾರ್ತೆಯನ್ನು ತಂದ ಹನುಮಂತದೇವರಿಗೆ, ಇದಕ್ಕೆ ಸಮನಾದ ಪ್ರತಿಫಲವಾಗಿ ಕೊಡುವುದಕ್ಕೆ ತನ್ನಲ್ಲಿ ಏನೂ ಇಲ್ಲವೆಂದು ಹೇಳಿ ಶ್ರೀರಾಮನು ತನ್ನ ಆಲಿಂಗನವನ್ನೇ ಕೊಟ್ಟನು. ಪೂರ್ಣಕಾಮನಾದ, ಸರ್ವಸ್ವತಂತ್ರನಾದ ಭಗವಂತನಿಗೆ ಯಾರ ಋಣವೂ ಇಲ್ಲ. ಆದರೂ ಋಣಿಯಂತೆ ನಡೆದು ತೋರಿಸಿದನು. ಕೊಡುವವನೇ ಹೀಗೆ ಉಪಕಾರವನ್ನು ನೆನೆದನೆಂದ ಮೇಲೆ, ಪಡೆಯುವವರಾದ ನಾವು ಮರೆಯುವುದೆಂತು?

ಬರಿಗೈಯ ದಾರಿ

ಸುಗ್ರೀವನು ಪಡೆದು ಮರೆತವನು. ಪಡೆಯದೆಯೂ ನೆನೆದವನೊಬ್ಬನ ಕಥೆಯು ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿದೆ. ಕುಚೇಲನ ಕಥೆಯನ್ನು ಬಲ್ಲದವರಿಲ್ಲ. ಪತ್ನಿಯು ನೆರೆಯವರಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಹರಕುಬಟ್ಟೆಯಲ್ಲಿ ಕಟ್ಟಿಕೊಂಡು ಅವನು ದ್ವಾರಕೆಗೆ ಹೋದುದು, ಶ್ರೀಕೃಷ್ಣನು ಕಾಲು ತೊಳೆದು ಮಂಚದ ಮೇಲೆ ಕುಳ್ಳಿರಿಸಿದುದು, ಅವಲಕ್ಕಿಯನ್ನು ಕಸಿದು ತಿಂದುದು, ಎರಡನೆಯ ಹಿಡಿಗೆ ರುಕ್ಮಿಣೀದೇವಿಯು ಕೈಹಿಡಿದುದು, ಇವೆಲ್ಲವನ್ನೂ ನಮ್ಮ ಮಕ್ಕಳೂ ಬಲ್ಲರು. ನಾವು ಸಾಮಾನ್ಯವಾಗಿ ದಾಟಿ ಹೋಗುವ ಎರಡು ಸಂದರ್ಭಗಳ ಮೇಲೆ ಇಲ್ಲಿ ದೃಷ್ಟಿ ಹರಿಸೋಣ.

ಮೊದಲನೆಯದು, ಗೆಳೆಯನು ಬಂದಾಗ ಶ್ರೀಕೃಷ್ಣನು ಎತ್ತಿದ ಮಾತು. ತನ್ನ ಅರಮನೆಯ ವೈಭವವನ್ನು ಅವನು ವರ್ಣಿಸಲಿಲ್ಲ. ಸಾಂದೀಪನಿ ಗುರುಗಳ ಮನೆಯಲ್ಲಿದ್ದಾಗ ಗುರುಪತ್ನಿಯ ಮಾತಿನಂತೆ ಸೌದೆಗಾಗಿ ಕಾಡಿಗೆ ಹೋದದ್ದು, ಅಕಾಲದಲ್ಲಿ ಬಿರುಗಾಳಿ ಮಳೆ ಬಂದು ದಾರಿ ತಪ್ಪಿದ್ದು, ಕತ್ತಲಲ್ಲಿ ಇಬ್ಬರೂ ಕೈಹಿಡಿದು ಅಲೆದದ್ದು, ಸೂರ್ಯೋದಯಕ್ಕೆ ಗುರುಗಳೇ ಹುಡುಕುತ್ತ ಬಂದು ಹರಸಿದ್ದು, ಇದನ್ನು ನೆನೆದನು. ಜಗದ್ಗುರುವಾದವನು ತನ್ನ ಗುರುವಿನ ಅನುಗ್ರಹದಿಂದಲೇ ಬಾಳು ಪೂರ್ಣವಾಗುತ್ತದೆಂದು ಹೇಳಿದನು. ಐಶ್ವರ್ಯದ ನಡುವೆ ಕುಳಿತು ಹಳೆಯ ಉಪಕಾರವನ್ನು ನೆನೆಯುವುದು ಹೇಗೆಂದು ಅವನು ಲೋಕಕ್ಕೆ ಕಲಿಸಿದ ಬಗೆಯಿದು.

ಎರಡನೆಯದು, ಕುಚೇಲನು ಹಿಂದಿರುಗಿದ ದಾರಿ. ಅವನ ಕೈಯಲ್ಲಿ ಏನೂ ಇರಲಿಲ್ಲ. ಧನವನ್ನು ಬೇಡಲೆಂದೇ ಹೆಂಡತಿಯು ಕಳುಹಿಸಿದ್ದಳು. ಇವನು ನಾಚಿ ಬೇಡಲಿಲ್ಲ, ಅವನು ಕೊಟ್ಟಂತೆ ಕಾಣಲಿಲ್ಲ. ಊರಿನಲ್ಲಿ ತನಗಾಗಿ ಭವನವೊಂದು ಎದ್ದು ನಿಂತಿದೆಯೆಂದು ಅವನಿಗೆ ತಿಳಿಯದು. ಮನೆಯಲ್ಲಿ ಹಸಿದ ಹೆಂಡತಿ ಕಾದಿದ್ದಾಳೆಂಬುದಷ್ಟೇ ತಿಳಿದಿದೆ. ಆ ದಾರಿಯಲ್ಲಿ ನಾವಾಗಿದ್ದರೆ ಏನೆಂದುಕೊಳ್ಳುತ್ತಿದ್ದೆವು? ಅವನು ಅಂದುಕೊಂಡದ್ದೇ ಬೇರೆ. ಬಡವನಾದ ತನ್ನನ್ನು ಲಕ್ಷ್ಮೀಪತಿಯು ತೋಳುಗಳಿಂದ ಅಪ್ಪಿದನಲ್ಲಾ ಎಂದು ಹಿಗ್ಗಿದನು. ಹಣ ಬಂದರೆ ಮದವೇರಿ ತನ್ನನ್ನು ಮರೆತಾನೆಂದು ಕರುಣೆಯಿಂದಲೇ ಅವನು ಏನನ್ನೂ ಕೊಡಲಿಲ್ಲವೆಂದು ತಿಳಿದನು. ಕೊಡದಿದ್ದುದರಲ್ಲಿಯೂ ಕರುಣೆಯನ್ನು ಕಂಡನು!

ಭವನವನ್ನು ಕಂಡ ಮೇಲೆ ಕೃಷ್ಣನನ್ನು ಸ್ತುತಿಸುವುದು ದೊಡ್ಡದಲ್ಲ. ಭವನವನ್ನು ಕಾಣುವ ಮೊದಲು, ಬರಿಗೈಯಲ್ಲಿ ನಡೆಯುವಾಗ, ಅವನ ಹೃದಯವು ತುಂಬಿತ್ತು. ಅಂಥವನ ಕೈಗೆ ಸಂಪತ್ತು ಬಂದಾಗ ಅದು ಅವನನ್ನು ಕೆಡಿಸಲಿಲ್ಲ. ಅಂಟಿಕೊಳ್ಳದೆ ಅನುಭವಿಸಿ ಹರಿಧ್ಯಾನದಲ್ಲಿ ಬಾಳಿದನು. ತೃಪ್ತಿಯು ಸಂಪತ್ತಿನಿಂದ ಬಂದದ್ದಾಗಿದ್ದರೆ ಆ ದಾರಿಯಲ್ಲಿ ಅವನಿಗೆ ಅದು ಇರತಕ್ಕದ್ದಲ್ಲ.

ಇದಕ್ಕೆ ಪ್ರತಿಯಾದ ಮಾತನ್ನು ಅದೇ ಭಾಗವತದ ಅಷ್ಟಮಸ್ಕಂಧದಲ್ಲಿ ವಾಮನದೇವರು ಬಲಿಗೆ ಹೇಳುತ್ತಾರೆ. ಮೂರು ಹೆಜ್ಜೆ ನೆಲ ಸಾಕೇ, ಇನ್ನಷ್ಟು ಬೇಡು ಎಂದು ಬಲಿಯು ಉಬ್ಬಿದಾಗ, ಮೂರು ಹೆಜ್ಜೆಯಲ್ಲಿ ತೃಪ್ತನಾಗದವನು ಒಂದು ದ್ವೀಪವನ್ನೇ ಪಡೆದರೂ ತೃಪ್ತನಾಗನು, ಏಳನ್ನೂ ಬಯಸುವನು ಎಂದು ಆ ವಟುವು ಹೇಳಿದನು. ಚಾತುರ್ಮಾಸ್ಯದ ನಡುವೆ, ಭಾದ್ರಪದ ಶುದ್ಧ ದ್ವಾದಶಿಯಂದು ವಾಮನಜಯಂತಿಯು ಬರುವಾಗ ಈ ಮಾತನ್ನು ಮಕ್ಕಳಿಗೆ ಹೇಳಿದರೆ ಹಬ್ಬವು ಸಾರ್ಥಕವಾಗುತ್ತದೆ.

ಉದ್ಧರಣೆಯೂ ಕೊಪ್ಪರಿಗೆಯೂ

ಅವರಿಗೆ ಅಷ್ಟು, ನಮಗೆ ಇಷ್ಟೇ ಏಕೆ? ಅತೃಪ್ತಿಯ ಮೂಲಪ್ರಶ್ನೆಯೇ ಇದು. ಇದಕ್ಕೆ ನಮ್ಮ ಸಿದ್ಧಾಂತದಲ್ಲಿರುವಷ್ಟು ನೇರವಾದ ಉತ್ತರವು ಮತ್ತೆಲ್ಲಿ ದೊರೆಯುವುದೋ ನಾವರಿಯೆವು. ಜೀವರು ಪರಸ್ಪರ ಭಿನ್ನರು. ಅವರವರ ಸ್ವರೂಪಯೋಗ್ಯತೆಯೂ ಭಿನ್ನ. ಮೋಕ್ಷದಲ್ಲಿಯೂ ಆನಂದದಲ್ಲಿ ತಾರತಮ್ಯವುಂಟೆಂದು ಶ್ರೀಮದಾಚಾರ್ಯರು ಶ್ರುತಿಪ್ರಮಾಣದಿಂದ ನಿರೂಪಿಸಿದ್ದಾರೆ. ಮೋಕ್ಷಕ್ಕೆ ಹೋದ ಮೇಲೆಯೂ ಹೆಚ್ಚುಕಡಿಮೆಯಿದ್ದರೆ ಅಲ್ಲಿಯೂ ಅಸೂಯೆಯಿರದೇ ಎಂದು ಕೇಳುವವರುಂಟು. ದೇವರ ಮನೆಯನ್ನೇ ನೋಡಿರಿ. ತೀರ್ಥ ಕೊಡುವ ಉದ್ಧರಣೆಯೂ ಅಲ್ಲಿದೆ, ಅಭಿಷೇಕದ ನೀರು ತುಂಬಿದ ಕೊಪ್ಪರಿಗೆಯೂ ಅಲ್ಲಿದೆ. ಎರಡನ್ನೂ ತುಂಬಿದಾಗ ಉದ್ಧರಣೆಗೆ ಏನು ಕೊರತೆ? ಅದರ ಅಂಚಿನವರೆಗೆ ನೀರಿದೆ. ಇನ್ನೊಂದು ಹನಿಗೆ ಅದರಲ್ಲಿ ಎಡೆಯಿಲ್ಲ. ತುಂಬಿದ ಪಾತ್ರೆಗೆ ಅಸೂಯೆಯಿಲ್ಲ. ಅಸೂಯೆಯು ಅರ್ಧ ಬರಿದಾದ ಪಾತ್ರೆಯ ಸದ್ದು. ಮುಕ್ತರು ಪೂರ್ಣರು, ಆದುದರಿಂದ ತಮಗಿಂತ ಹಿರಿಯರನ್ನು ಕಂಡರೆ ಅವರಲ್ಲಿ ಭಕ್ತಿಯೇ ಉಕ್ಕುತ್ತದೆ. ಹೋಲಿಕೆಯನ್ನು ಬಿಟ್ಟು ನಮ್ಮ ಪಾತ್ರೆಯು ಎಷ್ಟು ತುಂಬಿದೆಯೆಂದು ನೋಡಿಕೊಳ್ಳುವ ಅಭ್ಯಾಸವು ಇಲ್ಲಿಯೇ ಬಂದರೆ ಮುಕ್ತರ ಸ್ವಭಾವದ ಒಂದು ಕಿರಣವು ಸಂಸಾರದಲ್ಲಿಯೇ ಕಂಡಂತಾಗುತ್ತದೆ.

ಉಡುಪಿಯ ಪರ್ಯಾಯದಲ್ಲಿಯೂ ಈ ಪಾಠವಿದೆ. ಶ್ರೀವಾದಿರಾಜ ಗುರುಸಾರ್ವಭೌಮರು 16ನೆಯ ಶತಮಾನದಲ್ಲಿ ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳಿಗೆ ಏರ್ಪಡಿಸಿದರು. ಎಂಟು ಮಠಗಳು, 16 ವರ್ಷಗಳ ಸುತ್ತು. ಸರದಿಯು ಮುಗಿದೊಡನೆ ಶ್ರೀಪಾದರು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಮುಂದಿನವರ ಕೈಗೆ ಒಪ್ಪಿಸಿ ಹೊರಡುತ್ತಾರೆ. ಮತ್ತೆ ತಮ್ಮ ಸರದಿಗೆ 14 ವರ್ಷ. ಪಾತ್ರೆಯು ಅಕ್ಷಯ, ಹಿಡಿಯುವ ಕೈ ಮಾತ್ರ ಬದಲು. ಕಛೇರಿಯಿಂದ ನಿವೃತ್ತರಾಗುವವರು ಮೇಜಿನ ಕೀಲಿಯನ್ನು ಒಪ್ಪಿಸುವಾಗ, ಅತ್ತೆಯಾದವಳು ಉಗ್ರಾಣದ ಬೀಗದ ಕೈಯನ್ನು ಸೊಸೆಗೆ ಕೊಡುವಾಗ ಈ ದೃಶ್ಯವನ್ನು ನೆನೆದರೆ ಎಷ್ಟೋ ಮನೆಗಳ ಮನಸ್ತಾಪವು ಕಡಿಮೆಯಾದೀತು.

ಮೂರು ಶಂಕೆಗಳು

ಇಲ್ಲಿ ಕೆಲವು ಶಂಕೆಗಳು ಹುಟ್ಟುವುದು ಸಹಜ. ತೃಪ್ತಿಯಿಂದಿರಬೇಕಾದರೆ ಪ್ರಯತ್ನವನ್ನೇ ಬಿಡಬೇಕೇ? ಮಗನಿಗೆ ವಿದ್ಯೆ ಬೇಡವೇ, ಮಗಳ ವಿವಾಹಕ್ಕೆ ಓಡಾಡಬಾರದೇ ಎಂಬುದು ಒಂದು. ಸಮಾಧಾನವೇನೆಂದರೆ, ತೃಪ್ತಿಯು ಫಲದ ವಿಷಯದಲ್ಲಿ. ಕರ್ತವ್ಯದ ವಿಷಯದಲ್ಲಿ ಅಲ್ಲ. ನೈವೇದ್ಯಕಾಲದಲ್ಲಿ ನಾವು ಹೇಳುವ ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯದಲ್ಲಿ ಆಚಾರ್ಯರು, ಹರಿಪಾದದಲ್ಲಿ ಮನಸ್ಸಿಟ್ಟು ತನಗೆ ವಿಹಿತವಾದ ಕರ್ಮವನ್ನು ತಪ್ಪದೆ ಮಾಡಬೇಕೆಂದೂ ಬಂದುದನ್ನು ಉಣ್ಣಬೇಕೆಂದೂ ಬೋಧಿಸಿದ್ದಾರೆ. ಮಾಡುವುದರಲ್ಲಿ ಸೋಮಾರಿತನವನ್ನೂ ಉಣ್ಣುವುದರಲ್ಲಿ ಗೊಣಗಾಟವನ್ನೂ ಅವರು ಒಪ್ಪಲಿಲ್ಲ. ನಮ್ಮಲ್ಲಿ ಹಲವರು ಇದನ್ನು ತಿರುಗಿಸಿಕೊಂಡು, ಕೆಲಸದಲ್ಲಿ ಬಹುಬೇಗ ತೃಪ್ತರಾಗುತ್ತೇವೆ, ಫಲದಲ್ಲಿ ಎಂದಿಗೂ ತೃಪ್ತರಾಗುವುದಿಲ್ಲ!

ಎರಡನೆಯ ಶಂಕೆಯು ಇನ್ನೂ ಆಳವಾದುದು. ಮನೆಯಲ್ಲಿ ಸಾವಾಗಿದೆ, ಮಗುವು ಹಾಸಿಗೆ ಹಿಡಿದಿದೆ, ಅಂಥವರು ಯಾವುದಕ್ಕೆ ಕೃತಜ್ಞರಾಗಬೇಕು? ಈ ಪ್ರಶ್ನೆಗೆ ಹಗುರವಾದ ಉತ್ತರವನ್ನು ಕೊಡುವುದು ಪಾಪ. ದುಃಖದಲ್ಲಿರುವವರ ಮುಂದೆ ನಿಂತು ಎಲ್ಲವೂ ಒಳ್ಳೆಯದಕ್ಕೇ ಎಂದು ಉಪದೇಶಿಸುವುದು ಧರ್ಮವಲ್ಲ. ಅವರ ಬಳಿ ಕುಳಿತು ಒಂದು ಲೋಟ ನೀರು ಕೊಡುವುದು ಧರ್ಮ. ಆದರೆ ದುಃಖದಲ್ಲಿರುವವರೇ ತಮ್ಮಷ್ಟಕ್ಕೆ ಹಿಡಿಯಬಹುದಾದ ಒಂದು ಆಸರೆಯನ್ನು ಕುಂತೀದೇವಿಯು ತೋರಿಸಿದ್ದಾಳೆ. ಯುದ್ಧವು ಮುಗಿದು, ಮೊಮ್ಮಕ್ಕಳೆಲ್ಲ ಅಳಿದು, ಕೃಷ್ಣನು ದ್ವಾರಕೆಗೆ ಹೊರಟಾಗ ಆಕೆ ಅವನನ್ನು ಸ್ತುತಿಸಿದಳು. ಭೀಮನಿಗಿಟ್ಟ ವಿಷ, ಅರಗಿನ ಮನೆಯ ಬೆಂಕಿ, ನರಭಕ್ಷಕ ರಾಕ್ಷಸರು, ದ್ಯೂತಸಭೆ, ವನವಾಸ, ಯುದ್ಧದ ಅಸ್ತ್ರಗಳು, ಕೊನೆಗೆ ಅಶ್ವತ್ಥಾಮನ ಅಸ್ತ್ರ, ಹೀಗೆ ಒಂದೊಂದನ್ನೂ ಹೆಸರಿಸಿ ಇವುಗಳಿಂದ ಕಾಪಾಡಿದೆಯೆಂದು ಎಣಿಸಿದಳು. ಕಳೆದುಹೋದವರನ್ನು ಆಕೆ ಮರೆತಿರಲಿಲ್ಲ. ಅಳಿದುದರ ಲೆಕ್ಕವು ಕಣ್ಣೆದುರಿಗೇ ಇರುವಾಗ, ಉಳಿಸಿದ್ದರ ಲೆಕ್ಕವನ್ನೂ ಮಾಡಿದಳು. ಆಪತ್ತಿನಲ್ಲಿ ನಿನ್ನ ದರ್ಶನವಾಗುವುದಾದರೆ ಆಪತ್ತೇ ಬರಲಿ ಎಂದು ಕೇಳಿದಳು. ಇದು ಆಕೆಯೇ ತನ್ನ ಬಾಯಿಂದ ಆಡಿದ ಮಾತು. ಯಾರೂ ಆಕೆಗೆ ಹೇಳಿಕೊಟ್ಟದ್ದಲ್ಲ. ಇಂಥ ಮಾತು ನಮ್ಮ ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ. ಉಳಿಸಿದ್ದನ್ನು ಒಂದೆರಡಾದರೂ ಎಣಿಸಿದರೆ, ಕತ್ತಲೆಯಲ್ಲಿ ಕೈಗೆ ಗೋಡೆಯು ಸಿಕ್ಕಂತಾಗುತ್ತದೆ.

ಮೂರನೆಯದು ಶಂಕೆಯಲ್ಲ, ಎಚ್ಚರಿಕೆ. ತೃಪ್ತಿಯೆಂಬುದನ್ನು ನಮ್ಮ ಎಲೆಗೆ ಅನ್ವಯಿಸಿಕೊಳ್ಳಬೇಕೇ ಹೊರತು ಪರರ ಎಲೆಗಲ್ಲ. ಮನೆಗೆಲಸದವಳು ಸಂಬಳ ಹೆಚ್ಚಿಸಿರೆಂದಾಗ, ಅಡಿಗೆಯವರು ದಕ್ಷಿಣೆ ಸಾಲದೆಂದಾಗ ಅವರಿಗೆ ಸಂತೋಷವೇ ಸಂಪತ್ತೆಂದು ಉಪನ್ಯಾಸ ಮಾಡುವುದು ಶಾಸ್ತ್ರದ ದುರುಪಯೋಗ. ಅನ್ಯರ ಧನವನ್ನು ಬಯಸಬೇಡವೆಂದ ಉಪನಿಷತ್ತು, ಅನ್ಯರಿಗೆ ಸಲ್ಲಬೇಕಾದುದನ್ನು ಹಿಡಿದಿಟ್ಟುಕೊಳ್ಳುವುದನ್ನೂ ನಿಷೇಧಿಸಿದಂತೆಯೇ ಸರಿ.

ಮನೆಯಿಂದಲೇ ಮೊದಲಾಗಲಿ

ದೇವರ ಉಪಕಾರವನ್ನು ನೆನೆಯುವೆವೆಂದು ಹೇಳುತ್ತ, ಅವನು ಯಾರ ಕೈಯಿಂದ ಉಪಕಾರವನ್ನು ಮಾಡಿಸಿದನೋ ಅವರನ್ನು ಮರೆಯುವುದು ಸುಲಭ. ಏಕಾದಶಿಯಂದು ತಾನೂ ಉಪವಾಸವಿದ್ದು, ದ್ವಾದಶಿಯ ಬೆಳಗಿನ ಜಾವದಲ್ಲಿ ಎದ್ದು, ಸ್ನಾನ ಮಾಡಿ, ಮಡಿಯುಟ್ಟು, ಪಾರಣೆಯ ಹೊತ್ತು ಮೀರದಂತೆ ಅಡಿಗೆ ಮಾಡಿ ಬಡಿಸಿದ ಗೃಹಿಣಿಯು ಕೊನೆಯಲ್ಲಿ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಆಗ ಪಾತ್ರೆಯಲ್ಲಿ ಏನು ಉಳಿದಿತ್ತೆಂದು ನಾವು ಎಂದಾದರೂ ಇಣುಕಿ ನೋಡಿದ್ದೇವೆಯೇ? ಸಾರಿಗೆ ಉಪ್ಪು ಸಾಲದೆಂದು ಹೇಳುವುದಕ್ಕೆ ಮಾತ್ರ ನಾವು ಬಾಯಿ ತೆರೆಯುತ್ತೇವೆ.

ಶ್ರೀಪುರಂದರದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸನಾಯಕರೆಂಬ ಧನಿಕ ವರ್ತಕರು. ಮೂಗುತಿಯ ಪ್ರಸಂಗದಿಂದ ಅವರ ಕಣ್ಣು ತೆರೆದು, ಸರ್ವಸ್ವವನ್ನೂ ದಾನ ಮಾಡಿ, ಶ್ರೀವ್ಯಾಸರಾಜರಲ್ಲಿ ದಾಸದೀಕ್ಷೆ ಪಡೆದು, ಮಧುಕರವೃತ್ತಿಯಿಂದ ಬಾಳಿದರೆಂಬುದನ್ನು ಬಲ್ಲೆವು. ಬೇಡುವವನಿಗೆ ಮೂಗುತಿಯನ್ನು ಬಿಚ್ಚಿ ಕೊಟ್ಟವಳು ಅವರ ಪತ್ನಿ. ತಾವು ದಂಡಿಗೆ ಹಿಡಿಯುವಂತಾದುದು ಹೆಂಡತಿಯ ದೆಸೆಯಿಂದಲೇ ಎಂದು ದಾಸರು ಹಾಡಿನಲ್ಲಿಯೇ ಬಾಯಿತುಂಬ ಕೊಂಡಾಡಿದರು. ಸಂಪತ್ತೆಲ್ಲ ಹೋದುದಕ್ಕೆ ಪತ್ನಿಯನ್ನು ದೂರಬಹುದಾಗಿದ್ದ ಎಡೆಯಲ್ಲಿ ಅವರು ಆಕೆಗೆ ಋಣಿಯಾದರು. ಹರಿದಾಸರ ತೃಪ್ತಿಯ ಮೂಲವು ಅಲ್ಲಿದೆ.

ಸಂತತಿಯಿಲ್ಲದ ಭೀಷ್ಮಾಚಾರ್ಯರಿಗೆ ಮಾಘ ಶುದ್ಧ ಅಷ್ಟಮಿಯಂದು ತರ್ಪಣ ಕೊಡುವ ಸಂಪ್ರದಾಯವುಂಟು. ಮಕ್ಕಳಿಲ್ಲದೆ ಹೋದ ಆ ಮಹಾತ್ಮನಿಗೆ ಸಾವಿರಾರು ಮನೆಗಳವರು ನೀರೆರೆಯುತ್ತಾರೆ. ಉಪಕಾರವನ್ನು ಇಷ್ಟು ದೂರದವರೆಗೆ ನೆನೆಯುವ ಪರಂಪರೆಯಲ್ಲಿ ಹುಟ್ಟಿದ ನಾವು, ಅದೇ ಮನೆಯೊಳಗೆ ಬಡಿಸುವ ಕೈಯನ್ನು ನೆನೆಯದಿದ್ದರೆ ಹೇಗೆ?

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ನಾಲ್ಕು ಸಣ್ಣ ನಿಯಮಗಳನ್ನು ಆಸ್ತಿಕ ಬಂಧುಗಳಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಬೆಳಗ್ಗೆ ಎದ್ದು ಭೂದೇವಿಗೆ ನಮಸ್ಕರಿಸಿ ಕಾಲಿಡುವಾಗ, ರಾತ್ರಿಯೆಲ್ಲ ಶ್ವಾಸವನ್ನು ನಡೆಸಿದ ಮುಖ್ಯಪ್ರಾಣದೇವರನ್ನೂ ಅವರಲ್ಲಿ ನಿಂತ ಹರಿಯನ್ನೂ ಸ್ಮರಿಸುವುದು. ಉಂಡು ಏಳುವ ಮೊದಲು ಅಡಿಗೆ ಮಾಡಿದವರಿಗೆ ಒಂದು ಒಳ್ಳೆಯ ಮಾತನ್ನು ಆಡುವುದು. ಮಲಗುವಾಗ ಕುಂತೀದೇವಿಯಂತೆ ಆ ದಿನ ದೊರೆತ ಉಪಕಾರಗಳನ್ನು ಒಂದೊಂದಾಗಿ ಹೆಸರಿಸಿ, ದಿನದ ಕರ್ಮವೆಲ್ಲವನ್ನೂ ಹರಿಗೆ ಒಪ್ಪಿಸುವುದು. ನಾಲ್ಕನೆಯದು ವ್ರತಸಮಾಪ್ತಿಯ ದಾನ. ಶಾಕವ್ರತವು ಮುಗಿದಾಗ ಶಾಕವನ್ನು, ದಧಿವ್ರತವು ಮುಗಿದಾಗ ಮೊಸರನ್ನು, ಕ್ಷೀರವ್ರತವು ಮುಗಿದಾಗ ಹಾಲನ್ನು, ದ್ವಿದಳವ್ರತವು ಮುಗಿದಾಗ ಬೇಳೆಯನ್ನು ದಾನ ಮಾಡುವುದು ಪದ್ಧತಿ. ಬಿಟ್ಟದ್ದನ್ನು ಮರಳಿ ತಿನ್ನುವ ಮೊದಲು ಇನ್ನೊಬ್ಬರಿಗೆ ಕೊಡಬೇಕೆಂಬುದರ ಮರ್ಮವೇನು? ತಿಂಗಳಿಡೀ ಇಲ್ಲದೆ ಇದ್ದು ಅದರ ಬೆಲೆಯನ್ನು ತಿಳಿದವನ ಕೈಯಿಂದ ಕೊಟ್ಟ ದಾನವೇ ದಾನ.

ನಮ್ಮ ಅಜ್ಜಿಯು ಶಾಕವ್ರತವು ಮುಗಿದ ದಿನ ಚಪ್ಪರದ ಮೊದಲ ಹೀರೆಕಾಯಿಗಳನ್ನು ಕೊಯ್ದು ಮೊರದಲ್ಲಿಟ್ಟು, ಕೃಷ್ಣಾರ್ಪಣವೆಂದು ನೀರು ಬಿಟ್ಟು, ಬಡ ಪುರೋಹಿತರೊಬ್ಬರಿಗೆ ಕೊಡುತ್ತಿದ್ದಳು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಎಳೆಯವು ಒಂದೆರಡು ಮಾತ್ರ. ಆ ಒಂದೆರಡರ ರುಚಿಯನ್ನು ನಾವು ಇಂದಿಗೂ ಮರೆತಿಲ್ಲ. ಹೆಚ್ಚು ಇದ್ದುದರಿಂದ ಆ ರುಚಿ ಬಂದದ್ದಲ್ಲ; ಕೊಟ್ಟವನು ಯಾರೆಂದು ಆ ದಿನ ತಿಳಿದಿದ್ದುದರಿಂದ ಬಂದದ್ದು.

ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರಿಗೂ ಪಡೆದುದನ್ನು ನೆನೆಯುವ ಬುದ್ಧಿಯನ್ನೂ, ನೆನೆದುದರಲ್ಲಿ ತಣಿಯುವ ಮನಸ್ಸನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥